ತಮಟೆಯ ಹಿಂದೆ ಬಂದ ಕಡವೆ

ಸಾರಕ್ಕಿ, ಹೊಸತೊಡಕಿನ ಸಂಜೆ, ೧೯೫೮

ಬೈರಣ್ಣ,

ನೀನು ತೀರಿಹೋದ ಮೇಲೆ ಇದೇ ಮೊದಲ ಯುಗಾದಿ ಬೇಟೆ. ಬನ್ನೇರುಘಟ್ಟದ ಕಾಡಿನಲ್ಲಿ ಊರವರೆಲ್ಲ ತಮಟೆ ಬಡಿಯುತ್ತ ಮುಂದಕ್ಕೆ ಹೋದರು. ನಾನು ಮಾತ್ರ, ಪ್ರತಿ ವರ್ಷ ನಿನಗೆ ತುಂಬಿಕೊಡುತ್ತಿದ್ದ ನಿನ್ನ ಕೋವಿ ಹಿಡಿದು, ನಾವಿಬ್ಬರೂ ಕೂರುತ್ತಿದ್ದ ಮುತ್ತುಗದ ಬುಡದಲ್ಲಿ ಕೂತುಬಿಟ್ಟೆ. "ಎಳೇವು ಸದ್ದಿಗೆ ಓಡ್ತವೆ ಕಣ್ಲಾ. ಬಲಿತ ಗಂಡು ಸದ್ದು ದಾಟೋಗಂಟ ಮಲಗಿದ್ದು, ನಾವು ಬಂದ ದಾರೀಲೇ ವಾಪಸ್ ಹೋಗ್ತದೆ" ಅನ್ನುತ್ತಿದ್ದೆಯಲ್ಲ.

ತಮಟೆ ದೂರವಾದಂತೆ ಕಣ್ಣು ಎಳೆಯಿತು. ತೆರೆದು ನೋಡಿದರೆ ಎದುರಿಗೇ ನಿಂತಿತ್ತು, ನೀನು ವರ್ಷಗಟ್ಟಲೆ ಹುಡುಕಿದ ಆ ಹರಿದ ಕಿವಿಯ ಕಡವೆ. ಕೊಂಬಿನ ಕವಲಿನಲ್ಲಿ ಮುತ್ತುಗದ ಕೆಂಪು ಹೂವೊಂದು ಸಿಕ್ಕಿಕೊಂಡಿತ್ತು. ಅದರ ಉಸಿರಿಗೆ ಒಣಹುಲ್ಲು ಅಲುಗುತ್ತಿತ್ತು. ಕಾಡೆಲ್ಲ ನೀರೊಳಗೆ ಮುಳುಗಿದಷ್ಟು ಮೌನ. ನನ್ನನ್ನೊಮ್ಮೆ ನೋಡಿ, ಯಾವ ಅವಸರವೂ ಇಲ್ಲದೆ ಬಿದಿರಿನ ಮೆಳೆಯೊಳಗೆ ನಡೆದುಹೋಯಿತು.

ಮನೆಯಲ್ಲಿ ಅತ್ತಿಗೆ ಕೇಳಿದರು: "ಅಷ್ಟು ಹತ್ರ ಬಂದಿತ್ತು ಅಂತೀಯ, ಹೊಡೆಯೋಕೇನಾಗಿತ್ತು ನಿಂಗೆ?"

ನಾನು ಕೈಕಾಲು ತೊಳೆಯಲು ಹೋದೆ. ತುಂಬಿದ ಕೋವಿಯನ್ನು ಎಂದಿನಂತೆ ಸದ್ದಿಲ್ಲದೆ ಬಲಕ್ಕೆ ಚಾಚಿ, ನಿನ್ನ ಕೈ ತಗಲುವುದನ್ನೇ ಕಾಯುತ್ತ ಕೂತಿದ್ದೆ ಅಂತ ಅವರಿಗೆ ಹೇಗೆ ಹೇಳಲಿ?