ಹೋಟೆಲಿನಲ್ಲಿ ಮಲಗಿದವರು

ಟಿಲ್‌ಬರ್ಗ್
ಭಾನುವಾರ, ೧೨ ಅಕ್ಟೋಬರ್ ೨೦೨೫

ಪ್ರೀತಿಯ ತಮ್ಮ ಪೂವಪ್ಪಾ,

ಸೊಂಟನೋವು ಹೇಗಿದೆ? ನಾನು ಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲಾ ಅದೂ ನಿನ್ನ ಲಾರಿಯ ಡ್ಯಾಶ್‌ಬೋರ್ಡಿನ ಮೇಲೆ ಕೂತು ಯುರೋಪ್ ನೋಡುತ್ತಿದೆಯೋ? ನಾವು ಇಲ್ಲಿ ಕ್ಷೇಮ. ನಿನ್ನ ಭಾವನಿಗೆ ಶೀತವಾಗಿದೆ. ಅಕ್ಟೋಬರಿನಲ್ಲಿ ಅದು ಅವರ ಹವ್ಯಾಸ. ಕಾರ್ಕಳದಿಂದ ನಿನ್ನ ಗಾನವಿ ಫೋನ್ ಮಾಡಿದ್ದಳು. ಏಳನೆಯ ತಿಂಗಳು, ಕಾಲು ಸ್ವಲ್ಪ ಬಾತಿದೆಯಂತೆ, ಗಾಬರಿಯಾಗುವಂಥದ್ದೇನಿಲ್ಲ. ಹೆರಿಗೆಯ ಹೊತ್ತಿಗೆ ಗಂಡ ಪಕ್ಕದಲ್ಲಿರುತ್ತಾನೆಂದು ನಂಬಿಕೊಂಡಿದ್ದಾಳೆ. ನಿನ್ನ ಫೋನು ಕಂಪನಿಯದ್ದು, ಅದರಲ್ಲಿ ಇದನ್ನೆಲ್ಲ ಬರೆದರೆ ಯಾರು ಓದುತ್ತಾರೋ ತಿಳಿಯದು. ಅದಕ್ಕೇ ಕಾಗದ. ನಿನ್ನ ಜೊತೆಯ ಡ್ರೈವರ್ ಅರ್ಜುನ್ ಊಟ ಒಯ್ಯಲು ಬರುತ್ತಾನೆ, ಅವನ ಕೈಯಲ್ಲಿ ರೊಟ್ಟಿಯ ಪೊಟ್ಟಣದೊಳಗಿಟ್ಟು ಕಳಿಸುತ್ತೇನೆ.

ನಿನ್ನ ಕಂಪನಿಯ, ನಿನ್ನ ಲಾರಿಯ ನಂಬರ್ ಪ್ಲೇಟಿನ ದೇಶದ ಮೇಲೆ ನಾನು ಬ್ರಸೆಲ್ಸಿನ ಕಮಿಷನ್ನಿಗೆ ದೂರು ಬರೆದದ್ದು ನಿನಗೆ ಗೊತ್ತು. ವಾರದ ದೊಡ್ಡ ವಿಶ್ರಾಂತಿಯನ್ನು ಡ್ರೈವರು ಗಾಡಿಯೊಳಗೆ ಕಳೆಯುವ ಹಾಗಿಲ್ಲ, ಕಂಪನಿಯೇ ಹಾಸಿಗೆ ಕೊಡಿಸಬೇಕು ಎಂದು ಯುರೋಪಿಯನ್ ಯೂನಿಯನ್ನಿನ ಕಾನೂನಿದೆ. ಕಂಪನಿಗಳು ಪಾಲಿಸುತ್ತಿವೆಯೇ ಎಂದು ನೋಡಬೇಕಾದದ್ದು ಆ ದೇಶ. ನೋಡದಿದ್ದರೆ ದೇಶದ ಮೇಲೇ ಮೊಕದ್ದಮೆ. ದೂರಿನ ಫಾರ್ಮಿನ ಒಂದು ಗುಣ ನನಗೆ ಬಹಳ ಹಿಡಿಸಿತು: ನಿನಗೂ ಇದಕ್ಕೂ ಏನು ಸಂಬಂಧ ಎಂದು ಅದು ಕೇಳುವುದಿಲ್ಲ. ಹುಟ್ಟಿದಂದಿನಿಂದ ನನ್ನನ್ನು ಎಲ್ಲರೂ ಕೇಳಿದ್ದು ಅದೊಂದನ್ನೇ. ಭಾವನೂ ಕೇಳಿದರು. ಇಡ್ಲಿ ಬೇಯಿಸಿ ಜೈಡಾಸ್ ಬಡಾವಣೆಯ ದೊಡ್ಡ ಬ್ಯಾಂಕುಗಳಿಗೆ ಊಟ ಕಳಿಸುವಷ್ಟು ಬೆಳೆದವಳು ನಾನು, ಯಾರಿಗೆ ಯಾವುದು ಸಂಬಂಧ ಎನ್ನುವ ಲೆಕ್ಕ ನನಗೂ ಬರುತ್ತದೆ ಎಂದೆ. ಅದಕ್ಕವರು ಸೀನಿದರು.

ಈಗ ಕೇಳು. ಬ್ರಸೆಲ್ಸ್ ಆ ದೇಶಕ್ಕೆ ನೋಟಿಸು ಕಳಿಸಿ ಎರಡು ತಿಂಗಳ ವಾಯಿದೆ ಕೊಟ್ಟಿತು. ದೇಶ ಇನ್ನಷ್ಟು ವಾಯಿದೆ ಕೇಳಿತು, ಸಿಕ್ಕಿತು. ನಾನು ಸಾಂಬಾರು ಕಳಿಸುವುದು ಅರ್ಧ ಗಂಟೆ ತಡವಾದರೆ ಬ್ಯಾಂಕಿನವರು ಆರ್ಡರ್ ರದ್ದು ಮಾಡುತ್ತಾರೆ. ಕೊನೆಗೆ ದೇಶದ ಉತ್ತರ ಬಂತಂತೆ: ನಮ್ಮ ಚಾಲಕರೆಲ್ಲ ಹೋಟೆಲಿನಲ್ಲೇ ಮಲಗುತ್ತಾರೆ, ಇಗೋ ಅವರ ಸಹಿ, ಇನ್ನು ಮುಂದೆ ಪ್ರತಿ ತಿಂಗಳೂ ಸಹಿಯ ಹಾಳೆಗಳನ್ನು ಕಳಿಸುತ್ತೇವೆ. ಬ್ರಸೆಲ್ಸಿಗೆ ತೃಪ್ತಿಯಾಗಿದೆ. ನಾಲ್ಕು ವಾರದೊಳಗೆ ಹೊಸ ವಿಷಯವೇನೂ ನೀವು ತಿಳಿಸದಿದ್ದರೆ ಫೈಲು ಮುಚ್ಚುತ್ತೇವೆ ಎಂದು ನನಗೆ ಬರೆದಿದ್ದಾರೆ.

ಹೋಟೆಲಿನಲ್ಲಂತೆ! ಒಗೆದ ಬನಿಯನ್ನನ್ನು ಪಾರ್ಕಿಂಗಿನ ಬೇಲಿಗೆ ಒಣಹಾಕಿ, ಎರಡು ಟಯರಿನ ನಡುವೆ ಸ್ಟೌ ಹಚ್ಚುವ ಹೋಟೆಲು ಯಾವುದು, ಹೆಸರು ಹೇಳಲಿ. ಭಾವನ ತಂಗಿಯ ಮಗಳು ತನುಶ್ರೀ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಇದೇ ಕಾನೂನು ಓದುತ್ತಿದ್ದಾಳಲ್ಲ, ಅವಳ ಮುಂದೆ ಕೂಗಾಡಿದೆ. ಅವಳು ತಣ್ಣಗೆ, “ಅತ್ತೆ, ಇದು ಕಮಿಷನ್ ವರ್ಸಸ್ ಆ ಕಂಟ್ರಿ. ನೀವೂ ಪಾರ್ಟಿ ಅಲ್ಲ, ಪೂವಪ್ಪ ಮಾವನೂ ಅಲ್ಲ,” ಎಂದಳು. ಅವಳ ಪ್ರಕಾರ, ಗೆದ್ದರೂ ಲಕ್ಸೆಂಬರ್ಗಿನ ಯೂನಿಯನ್ ಕೋರ್ಟು ಹೇಳುವುದು ಈ ದೇಶ ತನ್ನ ಕರ್ತವ್ಯ ಮಾಡಿಲ್ಲ ಎಂದಷ್ಟೇ. ಆಮೇಲೂ ಮಾಡದಿದ್ದರೆ ಮತ್ತೊಮ್ಮೆ ಕೋರ್ಟು, ಆಗ ದಂಡ, ಅದೂ ಯೂನಿಯನ್ನಿನ ಹುಂಡಿಗೆ. ನೋವೆಲ್ಲ ನಿನ್ನ ಸೊಂಟದ ಖಾತೆಗೆ ಖರ್ಚು, ಜಮಾ ಬೇರೆಯವರಿಗೆ. ಆದರೂ ಬಿಡಲಾರೆ. ಫೈಲು ತೆರೆದಿದ್ದರೆ ಒಂದಲ್ಲ ಒಂದು ದಿನ ಯಾವನೋ ಇನ್‌ಸ್ಪೆಕ್ಟರು ನಿನ್ನ ಗಾಡಿಯ ಬಾಗಿಲು ತಟ್ಟಬೇಕಾಗುತ್ತದೆ. ಮುಚ್ಚಿದರೆ ನೀನು ಮಲಗಿದ್ದು ಹೋಟೆಲಿನಲ್ಲೇ, ಶಾಶ್ವತವಾಗಿ.

ಆ ಹಾಳೆಗಳಲ್ಲಿ ನಿನ್ನ ಸಹಿಯೂ ಇದೆ ಎಂದು ನನಗೆ ಗೊತ್ತು. ಬೈಯುವುದಿಲ್ಲ. ಸಹಿ ಹಾಕದವನಿಗೆ ರಜೆ ಇಲ್ಲ ಎಂದು ಕಂಪನಿಯ ಗುಮಾಸ್ತ ಹೇಳಿದನಂತೆ. ವರ್ಷಕ್ಕೆ ನಾಲ್ಕು ವಾರದ ರಜೆಯೂ ಇದೇ ಯೂನಿಯನ್ನಿನ ಕಾನೂನು ಕೊಟ್ಟ ಹಕ್ಕು ಮಾರಾಯ. ನಿನ್ನ ಅಂಗಿಯನ್ನು ನಿನಗೇ ಬಾಡಿಗೆಗೆ ಕೊಡುವ ಜನ. ಹೊಸ ವಿಷಯ ಎಂದರೆ ನಿಮ್ಮಂಥ ಡ್ರೈವರುಗಳ ಬಾಯಿಂದಲೇ ಬರಬೇಕು. ಆದರೆ ಸಹಿ ಹಾಕಬೇಡ ಎಂದು ಯಾವ ಬಾಯಲ್ಲಿ ಹೇಳಲಿ? ಗಾನವಿಯ ಮುಖ ನೆನಪಾಗುತ್ತದೆ. ಇಲ್ಲಿಯವರೆಗೆ ಬರೆದು ಪೆನ್ನು ಕಚ್ಚಿಕೊಂಡು ಕೂತಿದ್ದೇನೆ.

ಊಟ ತಪ್ಪಿಸಬೇಡ. ಭಾವನೂ ತನುಶ್ರೀಯೂ ನಿನ್ನನ್ನು ಕೇಳಿದ್ದಾರೆ. ಕಾರ್ಕಳದ ದೇವರು ಹೆದ್ದಾರಿಯಲ್ಲೂ ನಿನ್ನ ಜೊತೆಗಿರಲಿ.

ನಿನ್ನ ಅಕ್ಕ,
ಜಯಶೀಲಾ

ತಾ.ಕ.: ಅರ್ಜುನ್ ಬಂದ. ಪೊಟ್ಟಣ ಕಟ್ಟುತ್ತಾ ನನ್ನ ಸಂಕಟ ಹೇಳಿಕೊಂಡರೆ ನಗುತ್ತಾನೆ. ಪೂವಪ್ಪಾ, ಈ ತಿಂಗಳ ಹಾಳೆ ಬಂದಾಗ ನೀನು ಜಗಳವಾಡಬೇಡ, ಧಾರಾಳವಾಗಿ ಸಹಿ ಹಾಕಿ ರಜೆ ತೆಗೆದುಕೋ. ಕನ್ನಡದಲ್ಲಿ ಹಾಕು. ಹೆಸರಿಗೆ ಅಂಟಿಸಿಯೇ, “ಲಾರಿಯಲ್ಲೇ ಮಲಗಿದ್ದೆ” ಎಂದೂ ಬರೆ. ಆ ದೇಶವೇ ಅದನ್ನು ಜೋಪಾನವಾಗಿ ಬ್ರಸೆಲ್ಸಿಗೆ ಮುಟ್ಟಿಸುತ್ತದೆ. ಸಹಿಗಳನ್ನು ಕನ್ನಡ ಬಲ್ಲವರಿಂದ ಓದಿಸಿ ಎಂದು ನಾನು ಇವತ್ತೇ ಬರೆಯುತ್ತೇನೆ, ಹೊಸ ವಿಷಯ ಅದೇ. ಅರ್ಜುನ್ ಹೋದ ತಿಂಗಳೇ ಹಾಗೆ ಬರೆದು ಕೊಟ್ಟನಂತೆ. ಗುಮಾಸ್ತ ನೋಡಿ, ನಿಮ್ಮ ಕಡೆಯ ಹೆಸರುಗಳು ಬಹಳ ಉದ್ದ ಎಂದು ಮೆಚ್ಚಿ ಮೊಹರು ಒತ್ತಿದನಂತೆ.