ಐದನೆಯ ಮಾತು

ಹುಬ್ಬಳ್ಳಿ,
೧೩ ಏಪ್ರಿಲ್ ೨೦೨೩, ಗುರುವಾರ ಮಧ್ಯಾಹ್ನ

ಪ್ರೀತಿಯ ಮಗಳು ಸೌಮ್ಯಾಳಿಗೆ,

ಕರ್ತನ ಕೃಪೆ ನಿನ್ನ ಮೇಲಿರಲಿ. ಹೇಗಿದ್ದೀಯವ್ವಾ? ಬೀದರಿನ ಬಿಸಿಲು ಈ ಸಲ ಬಲು ಜೋರು ಎಂದು ಪೇಪರಿನಲ್ಲಿ ಓದಿದೆ. ರೂಮಿನಲ್ಲಿ ಫ್ಯಾನು ಸರಿಯಾಗಿ ತಿರುಗುತ್ತದೆಯೇ? ನೀರು ಕುಡಿಯುವುದನ್ನು ಮಾತ್ರ ಮರೆಯಬೇಡ. ಮಕ್ಕಳ ಮುಂದೆ ಪಾಠಕ್ಕೆ ನಿಂತರೆ ನಿನಗೆ ಹಸಿವು, ನೀರಡಿಕೆ ಎರಡೂ ತಿಳಿಯುವುದಿಲ್ಲ. ಒಂದೇ ಕಿಡ್ನಿಯ ಮೇಲೆ ಬದುಕುವವಳು ನೀನು. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕೆಂದು ಡಾಕ್ಟರು ಹೇಳಿದ್ದರಲ್ಲ, ಮಾಡಿಸಿದೆಯಾ? ಥಂಡಿಯಲ್ಲಿ ಎಡಮಗ್ಗುಲಿನ ಹೊಲಿಗೆ ಜಗ್ಗುತ್ತದೆ ಎನ್ನುತ್ತಿದ್ದೆ, ಈಗ ಹೇಗಿದೆ? ಉಪ್ಪಿನಕಾಯಿ ಕಡಿಮೆ ತಿನ್ನು. ನಾನೇ ಹಾಕಿ ಕಳಿಸಿದ್ದಾದರೂ ಕಡಿಮೆ ತಿನ್ನು.

ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಲ್ಲ ಎನ್ನುತ್ತೀ. ಕೇಳುತ್ತೇನೆ ಕೂಡ. ಆದರೆ ಪಪ್ಪಾನ ಹೆಸರು ಬಂದ ಕೂಡಲೇ ನೀನು “ಇಡ್ತೇನಿ ಅವ್ವಾ, ಕ್ಲಾಸ್ ಅದ” ಅನ್ನುತ್ತೀ. ನಿನಗೆ ಭಾನುವಾರವೂ ಕ್ಲಾಸ್ ಇರುತ್ತದೆ. ಮೊನ್ನೆ ಮಂಗಳವಾರ ಮಾಡಿದಾಗಲೂ ಹಾಗೇ ಆಯಿತು. ಅದಕ್ಕೇ ಇದನ್ನು ಬರೆದು ಅಜರುದ್ದೀನನ ಕೈಯಲ್ಲಿ ಕೊಡುತ್ತಿದ್ದೇನೆ. ಆಟೋ ಮಕಬೂಲಸಾಬರ ಮಗ, ನಿನಗೆ ಗೊತ್ತಲ್ಲ, ಈಗ ಗೋಕುಲ ರಸ್ತೆಯ ಕಾರ್ಖಾನೆಯೊಂದರ ಗಾಡಿ ಓಡಿಸುತ್ತಾನೆ. ಇವತ್ತು ಬೀದರಿಗೆ ಮಾಲು ಒಯ್ಯುತ್ತಾನಂತೆ. ಕಾಗದ ಕೈಯಲ್ಲಿದ್ದರೆ ಫೋನಿನ ಹಾಗೆ ಇಡಲಿಕ್ಕೆ ಬರುವುದಿಲ್ಲ. ಸಿಟ್ಟು ಬಂದರೆ ಮಡಚಿಡು, ಇಳಿದ ಮೇಲೆ ಮತ್ತೆ ಓದು.

ಶುಭ ಶುಕ್ರವಾರ ಪಪ್ಪಾ ದೇವಾಲಯದಲ್ಲಿ ಪ್ರಸಂಗ ಮಾಡಿದರು. ಅದನ್ನು ಹೇಳಲಿಕ್ಕೇ ಬರೆಯಲು ಕೂತೆ. ಬೇರೆಯವರ ಬಾಯಿಯಿಂದ ನಿನಗೆ ತಿಳಿಯುವುದು ಬೇಡ.

ನೀನು ಹೋದ ಮೇಲಿನ ಸುದ್ದಿ ಒಂದೂ ನಿನಗೆ ಸರಿಯಾಗಿ ಮುಟ್ಟಿಲ್ಲ. ಸೋಮವಾರ, ಗುರುವಾರ ಡಯಾಲಿಸಿಸ್. ಉಳಿದ ದಿನ ಅದರ ಸುಸ್ತು. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಅಳತೆ ಹಾಕಿಕೊಟ್ಟಿದ್ದಾರೆ. ಒಂದು ಸಣ್ಣ ತಂಬಿಗೆಯಲ್ಲಿ ತುಂಬಿಸಿಟ್ಟು ಅದರಲ್ಲೇ ದಿನ ದೂಡಬೇಕು. ಅವರು ಬಾಯಿ ಒದ್ದೆ ಮಾಡಿಕೊಂಡು ನೀರನ್ನು ಉಗುಳುವುದನ್ನು ನೋಡಿದಾಗ ನಾನು ಅಡುಗೆಮನೆಯಲ್ಲಿ ನಿಂತು, ಅವರಿಗೆ ಕಾಣದ ಹಾಗೆ ಕುಡಿಯುತ್ತೇನೆ. ಪ್ರಸಂಗಪೀಠ ಹತ್ತಿ ವರ್ಷವಾಗುತ್ತ ಬಂದಿತ್ತು. ನಿವೃತ್ತಿ ತೆಗೆದುಕೊಂಡರೂ ಭಾನುವಾರ ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಕುರ್ಚಿಯಲ್ಲಿ ಕೂತಿರುತ್ತಿದ್ದರು. ಯಾರೂ ಕರೆಯಲು ಬರುತ್ತಿರಲಿಲ್ಲ. ನಾನು, ಯಾರೂ ಬಾರದಿರಲಿ ಎಂದೇ ಪ್ರಾರ್ಥಿಸುತ್ತಿದ್ದೆ. ಸಭಾಪಾಲಕರ ಹೆಂಡತಿ ಮಾಡಬಾರದ ಪ್ರಾರ್ಥನೆ. ಆದರೂ ಮಾಡುತ್ತಿದ್ದೆ.

ನಿನ್ನ ಸಿಟ್ಟು ನನಗೆ ಅರ್ಥವಾಗಿಲ್ಲ ಎಂದುಕೊಳ್ಳಬೇಡ. ನೀನು ನಿನ್ನ ಮೈ ಕೊಯ್ಯಿಸಿಕೊಂಡು ಕಿಡ್ನಿ ಕೊಟ್ಟೆ. ಅವರು ಎದ್ದು ಓಡಾಡಿದರು, ಮುಖಕ್ಕೆ ಬಣ್ಣ ಬಂತು. ಆಮೇಲೆ ಆ ಮಳೆಗಾಲದಲ್ಲಿ ಮುಗದದ ಸಾವಕ್ಕ ತೀರಿಕೊಂಡಳೆಂದು ಫೋನು ಬಂತು. ಹಿಂದೆ ಮುಂದೆ ಯಾರೂ ಇಲ್ಲದ ಮುದುಕಿ, ಆ ಊರಿನ ನಮ್ಮ ಸಣ್ಣ ಸಭೆಯವಳು. ಮಳೆಯಲ್ಲಿ ಹೋಗಬೇಡಿರೆಂದು ನೀನೂ ಅಂದೆ, ನಾನೂ ಅಂದೆ. ಹೋದರು. ತೊಯ್ದು ತಪ್ಪಡಿಯಾಗಿ ಸಮಾಧಿಯ ಪ್ರಾರ್ಥನೆ ಮುಗಿಸಿ ಬಂದರು. ಜ್ವರ ಬಂದದ್ದನ್ನು ಭಾನುವಾರದ ಪ್ರಸಂಗ ಮುಗಿಯುವವರೆಗೆ ನಮಗೆ ಹೇಳಲಿಲ್ಲ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಸೋಂಕು ಏರಿ ನಿನ್ನ ಕಿಡ್ನಿ ಅವರ ಹೊಟ್ಟೆಯಲ್ಲಿ ಸತ್ತು ಹೋಗಿತ್ತು. ನೀನು ಆಸ್ಪತ್ರೆಯ ಬಾಗಿಲಲ್ಲಿ ನಿಂತು ಅಂದದ್ದು ಇನ್ನೂ ಕಿವಿಯಲ್ಲಿದೆ: “ನಾ ಕೊಟ್ಟಿದ್ದು ನಮ್ಮಪ್ಪಗ, ನಿಮ್ಮ ಸಭಾಕ್ಕಲ್ಲ.” ನೀನು ಆಡಿ ಹೋದೆ ಸೌಮ್ಯಾ, ನಾನು ನುಂಗಿ ಉಳಿದೆ. ಅಷ್ಟೇ ನಮ್ಮಿಬ್ಬರಲ್ಲಿ ವ್ಯತ್ಯಾಸ.

ಈ ಸಲ ಲೆಂಟಿನ ಉಪವಾಸದ ದಿನಗಳಲ್ಲಿ ಈಗಿನ ಸಭಾಪಾಲಕರು ಮನೆಗೆ ಬಂದಿದ್ದರು. ಹುಡುಗ ವಯಸ್ಸಿನವರು, ಸಂಕೋಚದ ಮನುಷ್ಯ. ಶುಭ ಶುಕ್ರವಾರ ಶಿಲುಬೆಯ ಮೇಲೆ ಕರ್ತನು ಆಡಿದ ಏಳು ಮಾತುಗಳ ಕುರಿತು ಏಳು ಜನ ಮಾತಾಡುವುದು ನಮ್ಮ ಸಭೆಯ ರೂಢಿ. ಐದನೆಯದು, ‘ನನಗೆ ನೀರಡಿಕೆಯಾಗಿದೆ’ ಎಂಬ ಮಾತು, ಯಾವಾಗಲೂ ಪಪ್ಪಾನದು. ಈ ವರ್ಷ ಬೇರೆಯವರಿಗೆ ಕೊಡಲೇ ಎಂದು ಕೇಳಲು ಬಂದಿದ್ದರು. ಪಪ್ಪಾ ತಕ್ಷಣ, “ಅದೊಂದು ನನಗ ಬಿಡ್ರಿ” ಅಂದುಬಿಟ್ಟರು. ನಾನು ಒಳಗಿನಿಂದ ಬಂದು, “ಎರಡು ಮೆಟ್ಟಲ ಏರಿದ್ರ ಉಸರು ಹಿಡೀತದ, ಪ್ರಸಂಗ ಹೆಂಗ ಮಾಡ್ತೀರಿ?” ಅಂದೆ. “ನಿಂತ ಮಾಡಬೇಕಂತ ಯಾರು ಹೇಳ್ಯಾರ ಜಯಾ?” ಎಂದು ನಕ್ಕರು. ಆ ನಗು ನನಗೆ ಸೇರಲಿಲ್ಲ.

ಶುಭ ಶುಕ್ರವಾರದ ಹಿಂದಿನ ದಿನ, ಗುರುವಾರ, ಡಯಾಲಿಸಿಸ್ ನಡೆದಾಗಲೇ ಬಿ.ಪಿ. ಇಳಿಯಿತು. ಕಣ್ಣು ಮೇಲೆ ಹೋದವು. ನರ್ಸ್ ಓಡಿ ಬಂದು ಕಾಲು ಎತ್ತಿ ಹಿಡಿದಳು. ಹೇಗೋ ಸುಧಾರಿಸಿಕೊಂಡು ಮಕಬೂಲಸಾಬರ ಆಟೋದಲ್ಲಿ ಮನೆಗೆ ಹೊರಟೆವು. ರಂಜಾನ್ ತಿಂಗಳಲ್ಲವೇ, ಅವರದು ರೋಜಾ, ಹಗಲೆಲ್ಲ ಹನಿ ನೀರಿಲ್ಲ. ಸಿಗ್ನಲ್ಲಿನಲ್ಲಿ ಎಳನೀರಿನ ಗಾಡಿಯ ಪಕ್ಕದಲ್ಲೇ ಆಟೋ ನಿಂತಿತು. ಇಬ್ಬರೂ ಒಮ್ಮೆಲೇ ಆ ಕಡೆ ನೋಡಿದರು, ಇಬ್ಬರೂ ಮುಖ ತಿರುಗಿಸಿದರು. ಆಗ ಮಕಬೂಲಸಾಬರು ಹಿಂದಕ್ಕೆ ತಿರುಗಿ, ಸಹಜವಾಗಿ ಕೇಳಿದ ಹಾಗೆ ಕೇಳಿದರು: “ಪಾದ್ರಿ ಸಾಹೇಬ್ರ, ನನ್ನ ನೀರಡಿಕಿ ಸಂಜಿ ಮುಂದ ಮುಗೀತೈತ್ರಿ. ನಿಮ್ಮ ರೋಜಾ ಯಾವಾಗ ಬಿಡೋದ್ರಿ?” ಪಪ್ಪಾ ಮನೆ ಬರುವವರೆಗೆ ಹೊರಗೆ ನೋಡುತ್ತ ಕೂತಿದ್ದರು.

ಶುಕ್ರವಾರ ಬೆಳಿಗ್ಗೆ ಕೈಯೆತ್ತಿ ಅಂಗಿ ತೊಡಲೂ ಆಗಲಿಲ್ಲ. ಅಲ್ಲಿಗೆ ಮುಗಿಯಿತು ಎಂದು ನಾನು ಸಮಾಧಾನದಿಂದ ಅನ್ನಕ್ಕೆ ಇಟ್ಟೆ. ಹನ್ನೊಂದು ದಾಟಿದ ಮೇಲೆ ಹೊರಗೆ ಆಟೋ ನಿಂತ ಸಪ್ಪಳ. ತಾವೇ ಫೋನು ಮಾಡಿ ಕರೆಸಿದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ. ಮದುವೆಯಾದಾಗಿನಿಂದ ಅವರ ಸೇವೆಗೆ ಅಡ್ಡ ನಿಂತವಳಲ್ಲ, ಅವತ್ತು ನಿಂತೆ. “ನಮ್ಮ ಮಗಳ್ನ ಕಳಕೊಂಡೇವಿ. ಇನ್ನೇನು ಉಳದದ ಕೊಡಾಕ?” ಅಂದೆ. ಅವರು ಗೋಡೆ ಹಿಡಿದು ನಿಂತರು. ಆಮೇಲೆ, “ಆಕೀ ಸಲುವಾಗೇ ಹೋಗಬೇಕಾಗ್ಯದ” ಅಂದರು. ನಾನು ಸರಿದೆ.

ಅವತ್ತು ಜುಮ್ಮಾ ಕೂಡ. ನಮ್ಮನ್ನು ದೇವಾಲಯದ ಮುಂದೆ ಇಳಿಸಿ ಮಕಬೂಲಸಾಬರು ನಮಾಜಿಗೆ ಹೋದರು. ಒಳಗೆ ಜನ ತುಂಬಿತ್ತು, ಧಗೆ, ಫ್ಯಾನುಗಳ ಸಪ್ಪಳ. ನಾಲ್ಕನೆಯ ಮಾತು ಮುಗಿದು ಕೀರ್ತನೆ ಹಾಡುವಾಗ ಇಬ್ಬರು ಹಿರಿಯರು ಪಪ್ಪಾನನ್ನು ಹಿಡಿದು ಮುಂದೆ ಒಯ್ದರು. ಪ್ರಸಂಗಪೀಠದ ಮೆಟ್ಟಿಲು ಹತ್ತಲಾಗದೆಂದು ಕೆಳಗೇ ಕುರ್ಚಿ ಹಾಕಿದ್ದರು. ಯಾರೋ ತಿಳಿಯದೆ ಪಕ್ಕದ ಸ್ಟೂಲಿನ ಮೇಲೆ ನೀರಿನ ಗ್ಲಾಸು ಇಟ್ಟಿದ್ದರು. ಹಾಡು ನಿಂತಿತು. ಪಪ್ಪಾ ಬಾಯಿ ತೆರೆದರು, ಧ್ವನಿ ಬರಲಿಲ್ಲ. ಮತ್ತೆ ತೆರೆದರು. ಬರೀ ಉಸಿರು ಮೈಕಿನಲ್ಲಿ ಕೇಳಿಸಿತು. ಹಿಂದಿನ ಸಾಲಿನಲ್ಲಿ ಯಾರೋ ಅಳತೊಡಗಿದರು. ಸಾಕು ಕರ್ತನೇ, ಅವರನ್ನು ಬಿಡು ಎಂದು ನಾನು ಕಣ್ಣು ಮುಚ್ಚಿದೆ.

“ನನಗ ಭಾಳ ನೀರಡಿಕಿ ಆಗ್ಯದ” ಎಂಬ ಮಾತು ಕೇಳಿ ಕಣ್ಣು ತೆರೆದೆ. ಬೈಬಲಿನ ವಾಕ್ಯ ಓದುತ್ತಿದ್ದಾರೆ ಎಂದುಕೊಂಡು ಸಭೆ ತಲೆ ಬಾಗಿಸಿತು. ಪಪ್ಪಾ ಕೈಯಾಡಿಸಿ, “ಇದು ಕರ್ತನ ಮಾತಲ್ಲ, ಅಲ್ಲಿಗೆ ಇನ್ನೂ ಬಂದಿಲ್ಲ. ಇದು ನನ್ನ ಮಾತು” ಅಂದರು. ಒಂದಿಬ್ಬರು ನಕ್ಕರು. ಪ್ರಸಂಗದಲ್ಲಿ ಅವರು ಪುಸ್ತಕದ ಕನ್ನಡ ಬಿಟ್ಟು ಆಡಿದವರಲ್ಲ. ಅವತ್ತು ಉದ್ದ ವಾಕ್ಯಕ್ಕೆ ಉಸಿರು ಸಾಲುತ್ತಿರಲಿಲ್ಲ, ಅದಕ್ಕೇ ಮನೆಯ ಮಾತಿನಲ್ಲೇ, ತುಂಡು ತುಂಡಾಗಿ ಹೇಳಿದರು. ಮಕಬೂಲಸಾಬರು ಕೇಳಿದ್ದನ್ನು ಹೇಳಿದರು. “ಅವರ ರೋಜಾ ಅವರು ಹಿಡದದ್ದು. ನಂದು ನಾ ಹಿಡದದ್ದಲ್ಲ, ಅದು ನನ್ನ ಹಿಡದದ್ದು” ಅಂದರು. ಸ್ವಲ್ಪ ಸುಧಾರಿಸಿಕೊಂಡು ಮುಂದುವರಿಸಿದರು. ನನಗೆ ನೆನಪಿದ್ದ ಹಾಗೇ ಬರೆಯುತ್ತೇನೆ.

“ಬಲ ಅಂದ್ರ ಯಾರನ್ನೂ ಏನೂ ಕೇಳಲಾರದ್ದು ಅಂತ ತಿಳದಿದ್ದೆ. ಹಂಗಂತ ನಿಮಗೂ ಹೇಳಿದೆ. ಶಿಲುಬಿ ಮ್ಯಾಲಿದ್ದಾತ ಕೇಳಿದ. ಮೊಳಿ ಬಡದವರನ್ನ ನೀರು ಕೇಳಿದ. ಆತನೇ ಕೇಳ್ಯಾನ, ನಾ ಯಾವ ದೊಡ್ಡವ? ನನ್ನ ಮಗಳು ನಾ ಕೇಳಲಾರದ ತನ್ನ ಮೈಯಾಗಿಂದು ಕೊಟ್ಟಳು. ನಾ ಅದನ್ನ ಮಳ್ಯಾಗ ತೊಯಿಸಿದೆ. ಸಾವಕ್ಕನ್ನ ಮಣ್ಣ ಮಾಡಾಕ ಹೋಗಿದ್ದು ತಪ್ಪಲ್ಲ. ನನಗ ಜ್ವರ ಬಂದಾವ, ಕೈ ಹಿಡೀರಿ ಅಂತ ಮನ್ಯಾಗ ಹೇಳಲಿಲ್ಲ, ಅದು ತಪ್ಪು. ಅದಕ್ಕ ಭಕ್ತಿ ಅಂತ ಹೆಸರಿಟ್ಟೆ. ಭಕ್ತಿ ಅಲ್ಲದು, ಸೊಕ್ಕು. ಆಕಿ ಸಿಟ್ಟು ಖರೇ ಅದ. ಈ ಸಭಾದಾಗ ಆಕಿಗಿ ಯಾರೂ ತಪ್ಪು ಹಚ್ಚಬ್ಯಾಡ್ರಿ.”

ನಿನ್ನ ಬಗ್ಗೆ ಇಲ್ಲಿ ಏನೇನು ಆಡಿಕೊಂಡಿದ್ದರೋ ಅವರೆಲ್ಲ ನೆಲ ನೋಡುತ್ತಿದ್ದರು. ಆಮೇಲೆ ಪಪ್ಪಾ ಇನ್ನೂ ಮಾತಾಡಿದರು, ಕರ್ತನ ನೀರಡಿಕೆಯ ಬಗ್ಗೆ, ನೀರು ಕೇಳಿದ್ದಕ್ಕೆ ಹುಳಿ ದ್ರಾಕ್ಷಾರಸ ಸಿಕ್ಕಿದ್ದರ ಬಗ್ಗೆ. ಧ್ವನಿ ಎಲ್ಲಿಂದಲೋ ಬಂದು ತುಂಬಿಕೊಂಡಿತು. ಬಾಗಿಲಾಚೆ ಟೋಪಿ ಹಾಕಿಕೊಂಡು ಮಕಬೂಲಸಾಬರು ನಿಂತಿದ್ದರು. ಅಲ್ಲಿಗೂ ಕೇಳಿಸಿತಂತೆ. ಅದು ಪವಿತ್ರಾತ್ಮನ ಬಲ ಎಂದು ಎಲ್ಲರೂ ನನ್ನ ಕೈ ಹಿಡಿದು ಹೇಳಿದರು. ಇರಬಹುದು. ನಾನು ಪಕ್ಕದ ಸಾಲಿನಿಂದ ನೋಡಿದವಳು, ಅವರ ಕಾಲು ಒಂದೇ ಸಮ ನಡುಗುತ್ತಿತ್ತು. ಬಲ ಬಂದದ್ದು ಮಾತಿಗೆ ಮಾತ್ರ. ಮೈಗೆ ಬರಲಿಲ್ಲ. ಮಾತು ಮುಗಿಸಿದ ಮೇಲೆ ಕುರ್ಚಿಯಿಂದ ಏಳಲು ಆಗಲಿಲ್ಲ. ಕುರ್ಚಿಯ ಸಮೇತ ಎತ್ತಿಕೊಂಡು ಬಂದರು. ಆ ಗ್ಲಾಸು ಹಾಗೇ ಇತ್ತು.

ಅವತ್ತಿನಿಂದ ನನಗೆ ಅವರ ಮೇಲೆ ಸಿಟ್ಟು ಮಾಡಲು ಆಗುತ್ತಿಲ್ಲ. ಸಿಟ್ಟಿದ್ದಾಗ ಒಂದು ಆಧಾರವಿತ್ತು. ಈಗ ಅದೂ ಇಲ್ಲ.

ಈಸ್ಟರ್ ಬೆಳಿಗ್ಗೆ ಕೊಯರಿನ ಹುಡುಗಿಯರು ಮನೆಯ ಮುಂದೆ ಬಂದು ಹಾಡಿ ಹೋದರು. ಪಪ್ಪಾ ಮಲಗಿದಲ್ಲೇ ಕೇಳಿದರು. ಸೋಮವಾರ ಡಯಾಲಿಸಿಸ್‌ಗೆ ಹೋದೆವು. ಮಶೀನು ಹಚ್ಚಿದ ಸ್ವಲ್ಪ ಹೊತ್ತಿಗೇ ಬಿ.ಪಿ. ಬಿದ್ದು ತೆಗೆದುಬಿಟ್ಟರು. ಡಾಕ್ಟರು ನನ್ನನ್ನು ಹೊರಗೆ ಕರೆದು ಏನೇನೋ ಹೇಳಿದರು. ಅದನ್ನು ಇಲ್ಲಿ ಬರೆಯಲು ಕೈ ಬರುತ್ತಿಲ್ಲ. ಕೊನೆಗೆ, “ಇನ್ನ ನೀರಿಂದು ಅಳತಿ ಬ್ಯಾಡ್ರಿ ಅಮ್ಮಾ. ಕೇಳಿದಾಗ ಕೊಡ್ರಿ” ಅಂದರು. ಮನೆಗೆ ಬಂದು ಮಣ್ಣಿನ ಕೊಡದ ತಣ್ಣೀರು ಗ್ಲಾಸು ತುಂಬ ಕೊಟ್ಟೆ. ಎರಡು ವರ್ಷ ಇಂಥ ಗ್ಲಾಸಿನ ಕನಸು ಕಂಡವರು, ಎರಡು ಗುಟುಕು ಕುಡಿದು ಸಾಕು ಎಂದರು. ಉಳಿದ ನೀರು ಏನು ಮಾಡಬೇಕೋ ತಿಳಿಯದೆ ಹಿಡಿದುಕೊಂಡು ನಿಂತಿದ್ದೆ.

ಮಕಬೂಲಸಾಬರ ಹೆಂಡತಿ ಅಬೀದಾ ದಿನಾ ಸಂಜೆ ಗಂಜಿ ಕಳಿಸುತ್ತಾಳೆ. ಒಂದೆರಡು ಚಮಚ ಹೋಗುತ್ತದೆ. ನಿನ್ನನ್ನು ನೆನೆಸಿದಳು. ಸಭೆಯ ಹಿರಿಯರೂ ವಂದನೆ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಬಿಸಿಲಲ್ಲಿ ತಿರುಗಬೇಡ. ಕರ್ತನು ನಿನ್ನ ಹೋಗುವಿಕೆಯನ್ನೂ ಬರುವಿಕೆಯನ್ನೂ ಕಾಯಲಿ.

ನಿನ್ನ ಅವ್ವ,
ಜಯವಂತಿ

ತಾ.ಕ.: ಅಜರುದ್ದೀನ ಬಂದು ಹೊರಗೆ ನಿಂತಿದ್ದಾನೆ, ಲಗೂ ಬರೆಯುತ್ತೇನೆ. ಇವತ್ತು ಗುರುವಾರ. ನಾವು ಆಸ್ಪತ್ರೆಗೆ ಹೋಗಲಿಲ್ಲ. ಇನ್ನು ಹೋಗುವುದಿಲ್ಲ. ಅವರ ಹೃದಯ ಡಯಾಲಿಸಿಸ್ ತಡೆದುಕೊಳ್ಳುವುದಿಲ್ಲವಂತೆ. ಕೆಲವೇ ದಿನ ಎಂದರು ಡಾಕ್ಟರು, ವಾರ ಹಿಡಿದರೆ ಹೆಚ್ಚು. ಪಪ್ಪಾ ನಿನಗೆ ಹೇಳಬೇಡ ಅಂದಿದ್ದಾರೆ, “ಆಕಿ ಕೊಟ್ಟದ್ದು ಸಾಕು” ಅಂತ. ಸಭೆಯ ಮುಂದೆ ಅಷ್ಟೆಲ್ಲ ಹೇಳಿದವರು ಮನೆಯಲ್ಲಿ ಒಂದು ಮಾತು ಕೇಳಲಾರರು. ಆದರೆ ಈಗ ತಾನೇ ನಿದ್ದೆಗಣ್ಣಲ್ಲಿ ನಿನ್ನ ಹೆಸರು ಹಿಡಿದು ಕರೆದರು. ಬರಲಿಕ್ಕತ್ತಾಳ್ರಿ, ದಾರ್ಯಾಗ ಇದ್ದಾಳ ಎಂದುಬಿಟ್ಟೆ. ಕಣ್ಣು ತೆರೆದು ಬಾಗಿಲ ಕಡೆ ನೋಡುತ್ತಿದ್ದಾರೆ. ಅಜರುದ್ದೀನನ ಗಾಡಿ ನಾಳೆಯೇ ಬೀದರಿನಿಂದ ತಿರುಗಿ ಹೊರಡುತ್ತದೆ. ಅದರಲ್ಲೇ ಬಾ. ಅವರೊಡನೆ ಮಾತಾಡಲು ಆಗದಿದ್ದರೆ ಮಾತಾಡಬೇಡ, ಸಿಟ್ಟು ಇಟ್ಟುಕೊಂಡೇ ಬಾ. ಅವರ ಮುಂದೆ ನನ್ನನ್ನು ಸುಳ್ಳುಗಾತಿ ಮಾಡಬೇಡ ಮಗಳೇ.