ಮೊದಲನೇ ಪೀಸು

ಫೆಬ್ರವರಿ ೨೬

ನನ್ನ ಸಿಡುಕು ಮೆಣಸಿನಕಾಯಿಗೆ ಅಮ್ಮನ ಮುದ್ದುಗಳು.

ನಾಲ್ಕು ತಿಂಗಳಿಂದ ನೀನು ಫೋನ್ ಎತ್ತುತ್ತಿಲ್ಲ. "ತಪಾಸಣೆ ಮಾಡಿಸ್ಕೊಂಡ ಕಾಗದ ತೋರಿಸೋವರೆಗೂ ಮನೆಗೂ ಬರಲ್ಲ, ಮಾತೂ ಆಡಲ್ಲ" ಎಂದು ಬಾಗಿಲು ಧಡಾರನೆ ಹಾಕಿಕೊಂಡು ಹೋದವಳು ನೀನು. ಈ ಹಟ ಯಾರಿಂದ ಬಂತೆಂದು ನಾನು ಕೇಳುವ ಹಾಗಿಲ್ಲ, ಮನೆಯಲ್ಲೇ ಕನ್ನಡಿ ಇದೆ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ಹರಿದು ಹಾಕುವುದಕ್ಕಾದರೂ ಒಮ್ಮೆ ಬಿಡಿಸಿ ನೋಡುತ್ತೀಯಲ್ಲ.

ಮೊದಲು ತಪ್ಪೊಪ್ಪಿಗೆ. ಹೋದ ವರ್ಷ "ಮಾಡಿಸ್ಕೊಂಡು ಬಂದೆ, ಏನೂ ಇಲ್ವಂತೆ" ಎಂದಿದ್ದು ಹಸಿ ಸುಳ್ಳು. ಆಸ್ಪತ್ರೆಯ ಗೇಟಿನವರೆಗೆ ಹೋಗಿ, ಎದುರಿನ ಅಂಗಡಿಯಲ್ಲಿ ಒಂದು ಜೊತೆ ಚಪ್ಪಲಿ ಕೊಂಡು ವಾಪಸಾದೆ. ನರ್ಸ್ ಮಗಳ ಮುಂದೆ ಈ ಸುಳ್ಳು ದಕ್ಕುತ್ತದೆ ಎಂದುಕೊಂಡೆನಲ್ಲ, ನನ್ನ ಬುದ್ಧಿಗಿಷ್ಟು! ನಿನ್ನ ಚಿಕ್ಕಮ್ಮ ಇದೇ ಸ್ತನ ಕ್ಯಾನ್ಸರಿನಲ್ಲಿ ಹೋದಮೇಲೆ ಆ ಗೇಟು ದಾಟುವುದು ನನ್ನಿಂದಾಗಿಲ್ಲ ಕಣೇ. ಭಯವಾಗಿತ್ತು, ಅಷ್ಟೇ.

ಈಗ ನಮ್ಮ ಕಾರ್ಖಾನೆಯ ಕಥೆ ಕೇಳು. ವಿಶ್ವ ಕ್ಯಾನ್ಸರ್ ದಿನದ ಮೆರವಣಿಗೆಗಳಿಗೆಂದು ಒಂಬತ್ತು ದೇಶಗಳಿಂದ ಹನ್ನೆರಡು ಸಾವಿರ ಟೋಪಿಗಳ ಆರ್ಡರ್ ಬಂತು. ಒಂದೊಂದು ದೇಶಕ್ಕೆ ಒಂದೊಂದು ಲಿಪಿ, ಅರ್ಥ ಮಾತ್ರ ಒಂದೇ: ಬೇಗ ಗೊತ್ತಾದರೆ ಬೇಗ ಗುಣ. ನನ್ನದು ಎಂದಿನಂತೆ ಚೆಕಿಂಗ್ ಮೇಜು, ಹೊಲಿಗೆ ತಪ್ಪಿದಲ್ಲಿ ಕೆಂಪು ಬಾಣದ ಚೀಟಿ ಅಂಟಿಸಿ ವಾಪಸ್ ಕಳಿಸುವ ಕೆಲಸ. ಮೊದಲು ಹೊಲಿದ ಟೋಪಿಯನ್ನು ನಾನು ನೋಡಿ "ಪಾಸ್" ಎಂದಮೇಲೆಯೇ ಉಳಿದ ಮೆಷೀನುಗಳ ಲೈನ್ ಓಡಬೇಕು. ಒಂದು ಮಧ್ಯಾಹ್ನ ಮೂರನೇ ಮೆಷೀನಿನ ಬಾಯಾಳಿ ತಲೆಯೆತ್ತಿ, "ಅಕ್ಕಾ, ಊರಿಗೆಲ್ಲ ಬುದ್ಧಿ ಹೇಳೋ ಟೋಪಿ ಹೊಲೀತಿದೀವಿ, ನಮ್ಮಲ್ಲಿ ಎಷ್ಟು ಜನ ಮಾಡಿಸ್ಕೊಂಡಿದೀವಿ?" ಎಂದಳು. ಅರವತ್ತೆರಡು ಹೆಂಗಸರಲ್ಲಿ ಒಂದು ಕೈಯೂ ಮೇಲೇಳಲಿಲ್ಲ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ!

ಮರುದಿನ ಎಲ್ಲರೂ ಒಟ್ಟಿಗೆ ಮಾಲೀಕರ ಕೋಣೆಗೆ ನುಗ್ಗಿದೆವು. ತಪಾಸಣೆಯ ವ್ಯಾನು ಕರೆಸದಿದ್ದರೆ ಕೊನೆಯ ಸಾವಿರ ಟೋಪಿ ಮೇಜಿನ ಮೇಲೇ ಉಳಿಯುತ್ತವೆ ಎಂದೆವು. ಪಾಪ, ಅವರಿಗೆ ಕೂರಲು ಕುರ್ಚಿಯೂ ಸಿಗಲಿಲ್ಲ. ನಿಂತೇ ಒಪ್ಪಿದರು.

ನಾಲ್ಕನೇ ತಾರೀಕು ವ್ಯಾನು ಬಂದು ಅಂಗಳದಲ್ಲಿ ನಿಂತಿತು. ಆಮೇಲೆ ಶುರುವಾಯಿತು ನೋಡು, ನೀ ಮೊದಲು, ನೀ ಮೊದಲು! ಮಾಲೀಕರ ಮುಂದೆ ಹುಲಿಗಳಾಗಿದ್ದವರೆಲ್ಲ ಬೆಕ್ಕಿನ ಮರಿಗಳು. ನಾನಂತೂ ದಾರದ ಡಬ್ಬಗಳ ಹಿಂದೆ ಸರಿದು ನಿಂತಿದ್ದೆ. ಬಾಯಾಳಿ ಬಂದು ನನ್ನ ಕೈ ಹಿಡಿದಳು. "ಮೊದಲನೇ ಪೀಸ್ ಪಾಸಾಗದೆ ಲೈನ್ ಓಡಿಸಬಾರದು ಅಂತ ದಿನಾ ಹೇಳೋರು ನೀವೇ ಅಲ್ವಾ? ನಡೀರಿ" ಎಂದಳು. ಇಪ್ಪತ್ತೆರಡು ವರ್ಷದಿಂದ ಎಲ್ಲರ ತಲೆ ತಿಂದ ನಿಯಮ ನನ್ನ ತಲೆಗೇ ಬಂತು. ಸುತ್ತಮುತ್ತ ಚಪ್ಪಲಿ ಅಂಗಡಿಯೂ ಇರಲಿಲ್ಲ. ಹತ್ತಿದೆ.

ಐದೇ ನಿಮಿಷ, ಮೆಷೀನು ಎದೆಯನ್ನು ಸ್ವಲ್ಪ ಒತ್ತುತ್ತದೆ, ಅಷ್ಟೇ. ಇಷ್ಟಕ್ಕಾಗಿ ಮಗಳನ್ನು ಇಷ್ಟು ತಿಂಗಳು ದೂರ ಮಾಡಿಕೊಂಡೆನಲ್ಲ ಎಂದು ಅಲ್ಲೇ ಅಳು ಬಂತು. ಕೆಳಗಿಳಿದು ಕೈಯೆತ್ತಿ "ಪಾಸ್!" ಎಂದು ಕೂಗಿದೆ. ಲೈನ್ ಓಡಿತು ನೋಡು! ಸಂಜೆಯೊಳಗೆ ಅರವತ್ತೊಂದು ಮಂದಿಯೂ ಹತ್ತಿ ಇಳಿದರು. ಅಡ್ಡ ಹೊಲಿದು ತಿರಸ್ಕೃತವಾಗಿದ್ದ ಟೋಪಿಗಳನ್ನೇ ತಲೆಗಿಟ್ಟುಕೊಂಡು ಬೀದಿ ತುಂಬ ನಡೆದು ಮನೆ ಸೇರಿದೆವು.

ನೀನು ಕೇಳಿದ ಕಾಗದ ಇದರ ಜೊತೆಗಿದೆ. ಇನ್ನು ನಿನ್ನ ಮಾತು ನೀನು ಉಳಿಸಿಕೋ.

ಇಂತಿ,
ನಿನ್ನ ಸುಳ್ಳುಬುರುಕಿ ಅಮ್ಮ

ತಾ.ಕ.: ಆ ಕಾಗದದ ಎರಡನೇ ಪುಟ ತಿರುಗಿಸುವ ಮೊದಲು ಕೂತುಕೋ. ಇಪ್ಪತ್ತೆರಡು ವರ್ಷದಲ್ಲಿ ನಾನು ನೋಡದೆ ಪಾಸ್ ಮಾಡಿದ್ದು ಆ ಮೊದಲನೇ ಪೀಸ್ ಒಂದನ್ನೇ. ಅರವತ್ತೆರಡರಲ್ಲಿ ಬಾಣದ ಚೀಟಿ ಬಿದ್ದಿದ್ದೂ ಅದೊಂದಕ್ಕೇ. ಗಂಟು ಅಂಗಿ ಗುಂಡಿಗಿಂತ ಚಿಕ್ಕದು, ಬೇಗ ಸಿಕ್ಕಿದೆ, ಗುಣವಾಗುತ್ತದೆ ಎಂದು ಡಾಕ್ಟರಮ್ಮ ನಗುತ್ತಲೇ ಹೇಳಿದರು. ಮುಂದಿನ ಮಂಗಳವಾರ ಆಪರೇಷನ್. ನನ್ನ ಜೊತೆಗಿರಲು ಅರವತ್ತೊಂದು ಜನವೂ ಸರದಿ ಪಟ್ಟಿ ಬರೆದಾಗಿದೆ. ಮೊದಲನೇ ಸಾಲು ಮಾತ್ರ ಖಾಲಿ ಬಿಡಿಸಿದ್ದೇನೆ. ಆ ಗೇಟು ದಾಟುವಾಗ ನನಗೆ ನಿನ್ನ ಕೈಯೇ ಬೇಕು.